ಲೆಕ್ಕಾಚಾರದ ಅತ್ತೆ

ಆಸ್ಪತ್ರೆಯ ದುಭಾಷಿಗೆ ನೋವಿನ ಪದಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಸೆಳೆತ, ಚುಚ್ಚು, ಉರಿ, ಜೋಮು, ಯಾವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲಳು. ಡಾಕ್ಟರು ಹೇಳಿದ್ದನ್ನು ಕನ್ನಡಕ್ಕೆ, ರೋಗಿ ಹೇಳಿದ್ದನ್ನು ಇಂಗ್ಲಿಷಿಗೆ ದಾಟಿಸುವುದು ಅವಳ ಕೆಲಸ. ತನ್ನದೊಂದು ಮಾತು ಸೇರಿಸುವಂತಿಲ್ಲ, ಅವರದೊಂದು ಮಾತು ಬಿಡುವಂತಿಲ್ಲ. ಎಷ್ಟೋ ವರ್ಷ ಹಾಗೇ ನಡೆದುಕೊಂಡು ಬಂದಿದ್ದವಳು ಎಡವಿದ್ದು ಮನುಷ್ಯರ ಗುಣ ಹೇಳುವ ಒಂದು ಪದದಲ್ಲಿ.

ಅಂದು ಬೆಳಿಗ್ಗೆ ಅವಳನ್ನು ಹೃದ್ರೋಗ ವಿಭಾಗದ ಸಣ್ಣ ಕೋಣೆಗೆ ಕರೆಸಿದ್ದರು. ಮೇಜಿನಾಚೆ ಡಾಕ್ಟರು, ಈಚೆ ಮೂವರು. ನಡುವೆ ಕೂತಿದ್ದವರು ಎಪ್ಪತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಲಾಂಡ್ರಿ ನಡೆಸಿ ಮಗನನ್ನು ದಡ ಸೇರಿಸಿದವರು, ಬಲ್ಲವರಿಗೆಲ್ಲ ಲಾಂಡ್ರಿಯಮ್ಮ. ಒಂದು ಪಕ್ಕದಲ್ಲಿ ಆ ಮಗ, ಇನ್ನೊಂದು ಪಕ್ಕದಲ್ಲಿ ತುಂಬು ಬಸುರಿ ಸೊಸೆ.

ಲಾಂಡ್ರಿಯಮ್ಮನ ಹೃದಯದ ಕವಾಟವೊಂದು ಕಿರಿದಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆಪರೇಷನ್ ಆಗಲೇಬೇಕಿತ್ತು. ಹಿಂದಿನ ಸಲ ದುಭಾಷಿ ಸಿಗದೆ ಮಗನೇ ಮಾತು ದಾಟಿಸಿದ್ದ. ಅಮ್ಮ ಬೇಡ ಅಂತಿದ್ದಾಳೆ, ವಯಸ್ಸಾಗಿ ಹಠ ಜಾಸ್ತಿಯಾಗಿದೆ, ಅವಳ ಬದಲು ನಾನೇ ಸಹಿ ಹಾಕ್ತೀನಿ ಎಂದಿದ್ದ. ಡಾಕ್ಟರು ಒಪ್ಪಿರಲಿಲ್ಲ. ತಮ್ಮ ವಿಷಯವನ್ನು ತಾವೇ ತೀರ್ಮಾನಿಸುವಷ್ಟು ವಿವೇಚನೆ ಆಕೆಗಿದೆಯೇ ಎಂದು ಮೊದಲು ನೋಡಬೇಕಿತ್ತು. ಅದಕ್ಕೇ ಈ ಭೇಟಿ.

ಮನೆಯಲ್ಲಿ ಇವರು ತೀರ್ಮಾನ ತೆಗೆದುಕೊಳ್ಳುವ ರೀತಿ ಹೇಗೆ ಎಂದು ಡಾಕ್ಟರು ಸೊಸೆಯನ್ನು ಕೇಳಿದರು.

"ನಮ್ಮತ್ತೆ ತುಂಬಾ ಲೆಕ್ಕಾಚಾರದವರು," ಎಂದಳು ಸೊಸೆ. "ಒಂದು ಮಾಡೋಕೆ ಮುಂಚೆ ಹತ್ತು ಯೋಚಿಸ್ತಾರೆ. ಸುಮ್ಸುಮ್ನೆ ಯಾವುದಕ್ಕೂ ಕೈ ಹಾಕಲ್ಲ."

ದುಭಾಷಿಯ ಬಾಯಿಂದ 'ಕ್ಯಾಲ್ಕ್ಯುಲೇಟಿಂಗ್' ಎಂಬ ಪದ ಜಾರಿತು. ಉಳಿದದ್ದನ್ನೂ ಸರಿಯಾಗಿಯೇ ದಾಟಿಸಿದಳು, ಆದರೆ ಡಾಕ್ಟರ ಕಿವಿ ಆ ಮೊದಲ ಪದದಲ್ಲೇ ಸಿಕ್ಕಿಕೊಂಡಿತ್ತು. ಪೆನ್ನು ಕೆಳಗಿಟ್ಟು, ಲಾಂಡ್ರಿಯಮ್ಮನನ್ನೊಮ್ಮೆ ನೋಡಿ, ಸೊಸೆಗೆ ಹೊಸ ಪ್ರಶ್ನೆ ಹಾಕಿದರು: ಕಾಯಿಲೆಯನ್ನು ಮುಂದಿಟ್ಟುಕೊಂಡು ಮನೆಯವರನ್ನು ಕುಣಿಸುವ ಅಭ್ಯಾಸ ಇವರಿಗೆ ಇದೆಯೇ?

ದುಭಾಷಿಗೆ ತಟ್ಟನೆ ಹೊಳೆಯಿತು. ಈ ಪ್ರಶ್ನೆ ಹುಟ್ಟಿದ್ದೇ ತನ್ನ ಬಾಯಿಂದ. ಲೆಕ್ಕಾಚಾರದವರು ಎಂದಾಗ ಸೊಸೆಯ ದನಿಯಲ್ಲಿ ಅಭಿಮಾನವಿತ್ತು. ಇಂಗ್ಲಿಷಿನ ಆ ಪದವನ್ನೋ, ಇನ್ನೊಬ್ಬರನ್ನು ದಾಳವಾಗಿ ಉರುಳಿಸಿ ತನ್ನ ಬೇಳೆ ಬೇಯಿಸಿಕೊಳ್ಳುವವರಿಗೆ ಹೇಳುತ್ತಾರೆ. ಪ್ರಶ್ನೆಯನ್ನು ಒಂದಿಷ್ಟು ಮೆತ್ತಗೆ ಮಾಡಿ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರ ತಲೆಯಲ್ಲಿ ಕೂತ ಪದ ಮಾತ್ರ ಅಲ್ಲೇ ಕೂತಿರುತ್ತಿತ್ತು.

ಅವಳು ಕೈಯೆತ್ತಿ ತಡೆದಳು. ತಾನು ಪದ ತಪ್ಪಾಗಿ ಆರಿಸಿದೆ, ಸೊಸೆ ಹೇಳಿದ್ದು ಹೊಗಳಿಕೆಯ ಮಾತು ಎಂದು ಡಾಕ್ಟರಿಗೆ ಹೇಳಿದಳು. ಅದನ್ನೇ, ಡಾಕ್ಟರ ಪ್ರಶ್ನೆಯನ್ನೂ ಸೇರಿಸಿ, ಕನ್ನಡದಲ್ಲಿ ಆ ಮೂವರಿಗೂ ಹೇಳಿದಳು.

ಮಗ ಸಿಡುಕಿದ. "ಇದೊಂದೇ ತಪ್ಪೋ, ಇನ್ನೂ ಎಷ್ಟಿವೆಯೋ?"

ಅವಳ ಮುಖ ಕೆಂಪೇರಿತು. ಆದರೂ ಆ ಮಾತನ್ನೂ ಡಾಕ್ಟರಿಗೆ ದಾಟಿಸಿದಳು.

"ಸುಮ್ನಿರೋ," ಎಂದರು ಲಾಂಡ್ರಿಯಮ್ಮ. "ತಾವಾಗೇ ಹೇಳಿದ್ರಲ್ಲ ಪಾಪ."

ಹಾಗಾದರೆ ಸರಿಯಾದ ಪದ ಯಾವುದು ಎಂದು ಡಾಕ್ಟರು ಕೇಳಿದರು. ದುಭಾಷಿ ಈ ಸಲ ಅವಸರ ಮಾಡಲಿಲ್ಲ. 'ಶ್ರೂಡ್' ಎಂದರೆ ಚುರುಕು ಬಂದೀತು, ಜೊತೆಗೆ ವ್ಯಾಪಾರದ ವಾಸನೆಯೂ ಬಂದೀತು. 'ಕಾಷಸ್' ಎಂದರೆ ಹಿಂದೆಮುಂದೆ ನೋಡುವವರು. ಲಾಂಡ್ರಿಯಮ್ಮನನ್ನು ನೋಡಿದರೆ ಅಂಜುಬುರುಕಿಯಂತೆ ಕಾಣುತ್ತಿರಲಿಲ್ಲ. 'ವೈಸ್' ತೀರಾ ದೊಡ್ಡದಾಯಿತು, ಗೋಡೆಯ ಮೇಲಿನ ಫೋಟೋದವರಿಗೆ ಹೇಳಿದ ಹಾಗೆ. 'ಸೆನ್ಸಿಬಲ್' ನಡೆದೀತು, ದಿನಬಳಕೆಯ ತಿಳಿವಳಿಕೆಗೆ ಒಪ್ಪುವ ಪದ. ಆದರೆ ಮುಂದಿನದನ್ನು ಇಂದೇ ಯೋಚಿಸುವ ಗುಣ ಅದರಲ್ಲಿ ಪೂರ್ತಿ ಬರುವುದಿಲ್ಲ. ಕೊನೆಗೆ 'ಪ್ರೂಡೆಂಟ್' ಎಂದಳು. ಯಾಕೆ ಆ ಪದ, ಯಾಕೆ ಉಳಿದವಲ್ಲ ಎಂಬುದನ್ನು ಎರಡೂ ಕಡೆಗೆ ಬಿಡಿಸಿ ಹೇಳಿದಳು.

ಲಾಂಡ್ರಿಯಮ್ಮ ನಕ್ಕರು. "ಅಷ್ಟೊಂದು ಇದೆಯೇನಮ್ಮ? ನಮ್ಮಲ್ಲಿ ಬುದ್ಧಿವಂತೆ ಅಂದ್ಬಿಟ್ರೆ ಆಯ್ತು. ಹೊಗಳಿದ್ದೋ ಬೈದಿದ್ದೋ ದನಿ ಕೇಳಿ ತಿಳ್ಕೋಬೇಕು."

ಇದನ್ನೂ ದಾಟಿಸಿದಾಗ ಡಾಕ್ಟರೂ ನಕ್ಕರು. ಆಮೇಲೆ ಕುರ್ಚಿಯನ್ನು ಲಾಂಡ್ರಿಯಮ್ಮನ ಕಡೆ ತಿರುಗಿಸಿಕೊಂಡು ನೇರವಾಗಿ ಅವರನ್ನೇ ಕೇಳಿದರು: ನೀವು ಆಪರೇಷನ್ ಬೇಡ ಎಂದಿರಂತೆ, ಯಾಕೆ?

"ಬೇಡ ಅಂದವರು ಯಾರು? ಈಗ ಬೇಡ ಅಂದೆ."

ಮಗ ತಾಯಿಯತ್ತ ತಿರುಗಿದ. "ಎರಡೂ ಒಂದೇ ತಾನೇ ಅಮ್ಮ?"

"ಹೇಗೋ ಒಂದಾಗುತ್ತೆ? ಇವಳಿಗೆ ದಿನ ತುಂಬ್ತಾ ಬಂದಿದೆ. ಇವಳಿಗೆ ತವರು ಅಂತ ಇದ್ದದ್ದು ಅಮ್ಮ ಒಬ್ಬರೇ, ಅವರೂ ಹೋದ್ರು. ನಾನು ಇಲ್ಲಿ ಎದೆ ಕೊಯ್ಸಿಕೊಂಡು ಮಲಗಿದ್ರೆ ಬಾಣಂತಿನ ಯಾರು ನೋಡ್ಕೊಳ್ಳೋದು? ನೀನು ನಮ್ಮಿಬ್ಬರ ನಡುವೆ ಎಷ್ಟು ಕಡೆ ಓಡ್ತೀಯಾ? ಹೆರಿಗೆ ಆಗ್ಲಿ, ಇವಳು ಎದ್ದು ಓಡಾಡೋ ಹಾಗಾಗ್ಲಿ. ಆಮೇಲೆ ಇವರು ಎಲ್ಲಿ ಬೇಕಾದ್ರೂ ಕೊಯ್ಲಿ."

"ಇದನ್ನ ನನಗೆ ಮೊದಲೇ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಇವಳಿಗೆ ಗೊತ್ತಾಗ್ತಿತ್ತು. ತನ್ನಿಂದ ಅತ್ತೆ ಆಪರೇಷನ್ ಮುಂದಕ್ಕೆ ಹೋಯ್ತು ಅಂತ ಕೊರಗ್ತಾ ಕೂರ್ತಿದ್ಲು. ನೋಡು, ಈಗಲೇ ಶುರು ಮಾಡಿದಾಳೆ."

ಸೊಸೆ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ದುಭಾಷಿ ಒಂದೊಂದೇ ವಾಕ್ಯ ದಾಟಿಸಿದಳು, ಒಂದು ಪದವನ್ನೂ ಬಿಡಲಿಲ್ಲ. ಡಾಕ್ಟರು ಪರೀಕ್ಷೆಯ ಚಿತ್ರಗಳನ್ನು ಮತ್ತೆ ತೆಗೆದು ನೋಡಿ, ಮಾತ್ರೆ ಬದಲಾಯಿಸಿ ಬಾಣಂತನ ಮುಗಿಯುವವರೆಗೆ ತಳ್ಳಬಹುದು, ಆದರೆ ಭಾರ ಎತ್ತಕೂಡದು, ಲಾಂಡ್ರಿಯ ಹಬೆಯಲ್ಲಿ ನಿಲ್ಲಕೂಡದು, ತಲೆ ಸುತ್ತಿದರೆ ಆ ಗಳಿಗೆಯೇ ಬರಬೇಕು ಎಂದರು. ತೀರ್ಮಾನ ನಿಮ್ಮದೇ, ಸಹಿಯೂ ನಿಮ್ಮದೇ ಎಂದೂ ಸೇರಿಸಿದರು. ಹೊರಡುವಾಗ ಮಗ ದುಭಾಷಿಯ ಬಳಿ ಬಂದು, "ಆಗ ಬಾಯಿಗೆ ಬಂದದ್ದು ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ," ಎಂದ.

ಆದರೆ ಅವಳು ಹಚ್ಚಿಕೊಂಡಳು. ಅಂದು ಮಧ್ಯಾಹ್ನವೇ ತನ್ನ ಮೇಲಿನವರ ಬಳಿ ಹೋಗಿ ನಡೆದದ್ದು ಹೇಳಿದಳು. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಕೆಲವು ದಿನ ಒಬ್ಬ ಹಿರಿಯ ದುಭಾಷಿಯ ಪಕ್ಕದಲ್ಲಿ ಕೂತು ಕೆಲಸ ಮಾಡಬೇಕೆಂದರು. ಇಷ್ಟು ವರ್ಷದ ಅನುಭವವಿಟ್ಟುಕೊಂಡು ಹೊಸಬಳಂತೆ ಕೂರುವುದು ಅವಳಿಗೆ ನುಂಗಲಾರದ ತುತ್ತಾಗಿತ್ತು. ಆದರೂ ಕೂತಳು.

ಸೊಸೆಗೆ ಹೆಣ್ಣು ಮಗುವಾಯಿತು, ಹೆರಿಗೆ ಸಲೀಸಾಗಿಯೇ ಆಯಿತು. ನಡುವೆ ಲಾಂಡ್ರಿಯಮ್ಮ ಒಮ್ಮೆ ತಲೆ ಸುತ್ತಿ ಬಿದ್ದು ಎಲ್ಲರ ಜೀವ ಬಾಯಿಗೆ ತಂದರು; ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಮಗು ಕತ್ತು ನಿಲ್ಲಿಸುವ ಹೊತ್ತಿಗೆ ತಾವೇ ಬಂದು ಸಹಿ ಹಾಕಿ ಮಲಗಿದರು. ಆ ಹೊತ್ತಿಗೆ ದುಭಾಷಿ ಮತ್ತೆ ಒಬ್ಬಳೇ ಕೆಲಸ ಮಾಡುತ್ತಿದ್ದಳು.

ಆಪರೇಷನ್ ಆದ ಮರುದಿನ ಅವಳು ವಾರ್ಡಿಗೆ ಹೋದಾಗ ಲಾಂಡ್ರಿಯಮ್ಮ ಆಗತಾನೇ ಕಣ್ಣು ಬಿಟ್ಟಿದ್ದರು. ತುಟಿ ಅಲುಗಿತು. "ನೀರು," ಎಂದರು. ದುಭಾಷಿ ಬಾಯಿ ತೆರೆಯುವಷ್ಟರಲ್ಲಿ ಕನ್ನಡ ಬಾರದ ನರ್ಸ್ ಒದ್ದೆ ಹತ್ತಿಯನ್ನು ಅವರ ತುಟಿಗೆ ಒತ್ತಿದ್ದಳು.