ಲೋಳೆಸರದ ಕಹಿ

ಸುಂದರಬಾಯಿ ಲೋಳೆಸರದ ದಪ್ಪ ಎಸಳನ್ನು ಸೀಳಿ, ಒಳಗಿನ ತಿಳಿ ತಿರುಳನ್ನು ಬೆರಳಿನಿಂದ ಕೆರೆದು ಸೊಸೆಯ ಎದೆಗೆ ಹಚ್ಚುತ್ತಿದ್ದಳು. ಗುರುಬಾಯಿ ಹಲ್ಲು ಕಚ್ಚಿ ಗೋಡೆಗೆ ಒರಗಿದ್ದಳು. ಕೂಸನ್ನು ತೊಗರಿ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದಾಗಿತ್ತು. ಎದೆಗೆ ಅದು ತಿಳಿದಿರಲಿಲ್ಲ. ಹಾಲು ಕಟ್ಟಿ, ಕಲ್ಲಿನಂತೆ ಬಿಗಿದು, ಸೆರಗು ತಾಗಿದರೂ ಉರಿಯುತ್ತಿತ್ತು.

"ತಂಪ ಅನಸ್ತದೇನ್ ಬೇ?"

"ಹೂಂ, ಅತ್ತಿ."

"ಇನ್ನ ನಾಕ ದಿನ ತಡಕೊ. ಹಾಲ ತಾನ ಬತ್ತತದ."

ಬತ್ತಿಬಿಟ್ಟರೆ, ಕೂಸು ಇತ್ತೆಂಬುದಕ್ಕೆ ಮೈಮೇಲೆ ಗುರುತೇ ಉಳಿಯುವುದಿಲ್ಲ. ತಂಪು ಹತ್ತಿದಷ್ಟೂ ಗುರುಬಾಯಿಗೆ ಸಂಕಟ ಒತ್ತಿ ಬಂತು.

ಪಕ್ಕದ ಮನೆಯಲ್ಲಿ ಬೆಳಗಿನಿಂದ ಕೂಸೊಂದು ಅಳುತ್ತಿತ್ತು. ಕುಲಸುಮಬಿಯ ಸೊಸೆಗೆ ಹೆರಿಗೆಯಾದ ಮೇಲೆ ಜ್ವರ ಏರಿ, ನಿಂಬರ್ಗಾದಿಂದ ಜೀಪಿನಲ್ಲಿ ಗುಲಬರ್ಗಾದ ದವಾಖಾನೆಗೆ ಒಯ್ದಿದ್ದರು. ಅಜ್ಜಿ ಅರಿವೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಕೂಸು ಉಗುಳುತ್ತಿತ್ತು. ಈಗ ಅಳು ಸಣ್ಣದಾಗಿತ್ತು. ತನ್ನ ಕೂಸಿನ ದನಿಯೂ ಕಡೆಯ ದಿನ ಹೀಗೇ ಸಣ್ಣದಾಗುತ್ತ ಹೋಗಿದ್ದು ನೆನಪಾಗಿ ಗುರುಬಾಯಿ ಎದ್ದಳು.

"ಬ್ಯಾಡ ಬೇ," ಎಂದಳು ಸುಂದರಬಾಯಿ. "ಅದನ್ನ ಎತ್ತಿಕೊಂಡ್ರ ನಿನಗ ತಡಕೊಳ್ಳಾಕ ಆಗಂಗಿಲ್ಲ."

"ಈಗೇನ್ ತಡಕೊಂಡೀನೇನ್ ಅತ್ತಿ?"

ಸುಂದರಬಾಯಿ ದಾರಿ ಬಿಟ್ಟಳು.

ಕುಲಸುಮಬಿ ಏನೂ ಕೇಳದೆ ಮೊಮ್ಮಗನನ್ನು ಅವಳ ಮಡಿಲಿಗಿಟ್ಟಳು. ಕೂಸು ಬಾಯಿ ಹಾಕಿದ್ದೇ ಮುಖ ಸಿಂಡರಿಸಿ ಚೀರಿತು.

"ಇದೂ ನನ್ನ ಒಲ್ಲೆ ಅಂತದ," ಎಂದಳು ಗುರುಬಾಯಿ.

"ಲೋಳಿಸರದ ಕಹಿ ಹತ್ತೇದ ಅದಕ, ಅಷ್ಟೇ. ತಡಿ ಬೇಟಿ." ಕುಲಸುಮಬಿ ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಚ್ಚಿದ್ದನ್ನೆಲ್ಲ ಮೆತ್ತಗೆ ಒರೆಸಿದಳು.

ಎರಡನೇ ಸಲ ಕೂಸು ಕಚ್ಚಿ ಹಿಡಿಯಿತು. ಬಿಗಿದದ್ದು ಸಡಿಲಾಗುತ್ತ ಬಂತು. ಮಣ್ಣು ಮಾಡಿದ ದಿನವೂ ಅಳದಿದ್ದ ಗುರುಬಾಯಿ ದನಿ ತೆಗೆದು ಅತ್ತಳು. ಕುಲಸುಮಬಿ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

ಬಹಳ ಹೊತ್ತಿನ ಮೇಲೆ ಗುರುಬಾಯಿ ಕೇಳಿದಳು, "ಹೆಸರೇನ್ರಿ ಇದರದು?"

"ಮುರ್ತುಜಾ. ನಿನ್ನ ಕೂಸಿಂದು?"

"ತೊಟ್ಟಲಾ ಕಟ್ಟಿದ್ದಿಲ್ಲರಿ ಇನ್ನಾ. ಹೆಸರ ಇಟ್ಟಿದ್ದಿಲ್ಲ."

ಹೊಟ್ಟೆ ತುಂಬಿ ಕೂಸು ನಿದ್ದೆಹೋಯಿತು. ಕುಲಸುಮಬಿ ಕೈ ಚಾಚಿದಳು. ಗುರುಬಾಯಿ ಕೂಡಲೇ ಕೊಡಲಿಲ್ಲ. ಮೊಲೆ ಬಿಟ್ಟಿದ್ದರೂ, ನಿದ್ದೆಯಲ್ಲಿ ಅದರ ತುಟಿಗಳು ಮೆಲ್ಲಗೆ ಹೀರುತ್ತಲೇ ಇದ್ದವು.