ಡಬ್ಬಿ ನಕ್ಕಾಗ

ಬೋನಾಳದಿಂದ ಬಂದಿದ್ದ ಹುಲಗಪ್ಪ ಫೋನನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದ. ಅದು ಜಾರಿತು. ಮತ್ತೆ ನಿಲ್ಲಿಸಿದ.

"ಈಗ ನೋಡು. ಈಗ ಆ ಹುಡುಗ ಮೀಸಿ ತಿದ್ದಕೋತ ಬರ್ತಾನ."

ಹುಡುಗ ಬಂದ. ಹೋಟೆಲಿನ ಮೇಜಿನಾಚೆ ಹುಡುಗಿಯೊಬ್ಬಳು ಕೂತಿದ್ದಳು. ಫೋನಿನೊಳಗೆ ಕಾಣದ ಜನ ಗೊಳ್ಳೆಂದು ನಕ್ಕರು. ಹುಲಗಪ್ಪನೂ ನಕ್ಕು ಮೋನಮ್ಮನ ಮುಖ ನೋಡಿದ.

ಕಾಲುವೆಗೆ ನೀರು ಬಿಟ್ಟು ತಿಂಗಳಾಗಿತ್ತು. ಜವುಳು ಏರಿ ಗೋಡೆ ಮೊಣಕಾಲೆತ್ತರ ಹಸಿಯಾಗಿತ್ತು. ಬೆರಳಿಟ್ಟಲ್ಲಿ ಬಿಳಿ ಉಪ್ಪು ಉದುರುತ್ತಿತ್ತು. ಬೆನ್ನು ತಾಗದಂತೆ ಮೋನಮ್ಮ ಮುಂದಕ್ಕೆ ಬಾಗಿ ಕೂತಿದ್ದಳು. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲಿ ಅವಳ ಪಾಲಿಗೆ ಬಂದದ್ದು ಈ ಗೋಡೆಯ ಬದಿ.

"ಟಾಕೀಜನ್ನ ಮನಿಗಿ ತಂದೀಯಲ್ಲೋ ಅಣ್ಣಾ," ತಮ್ಮನ ಹೆಂಡತಿ ದೇವಕಮ್ಮ ಒಲೆಯ ಮುಂದಿನಿಂದ ಅಂದಳು. "ನಮ್ಮಕ್ಕ ನಕ್ಕಿದ್ದು ನಾ ಅಂತೂ ನೋಡಿಲ್ಲ."

"ಆಗ ನೋಡಬೇಕಿತ್ತವ್ವ ನೀ. ಕ್ಯಾಂಪಿನ್ಯಾಗ, ಸಾಹೇಬ್ರ ಪಡಸಾಲಿ ಮುಂದ, ಹೊಟ್ಟಿ ಹಿಡಕೊಂಡು ನಗತಿದ್ಲು."

ನಿಜ. ಕಾಲುವೆ ಕಡಿಯುತ್ತಿದ್ದ ಕಾಲ. ಹುಲಗಪ್ಪ, ಮೋನಮ್ಮ ಇಬ್ಬರ ಅಪ್ಪಂದಿರೂ ಅಲ್ಲಿ ಮಣ್ಣು ಹೊರುತ್ತಿದ್ದರು. ಇಡೀ ಕ್ಯಾಂಪಿಗೆ ಒಂದೇ ಟೀವಿ, ಇಂಜಿನಿಯರರದು. ಇದೇ ಧಾರಾವಾಹಿ, ಹಿಂದಿಯದು, ಗೋಣಿತಾಟಿನ ಮೇಲೆ ಕೂತ ಮಕ್ಕಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಡಬ್ಬಿ ನಕ್ಕಾಗ ನಗಬೇಕು, ಅಷ್ಟೇ. ಹಿಂದಿಯನ್ನು ಮೋನಮ್ಮ ಕಲಿತದ್ದು ಆಮೇಲೆ, ಗಂಡನ ಜೊತೆ ಪುಣೆಗೆ ದುಡಿಯಲು ಹೋಗಿ ಇಟ್ಟಿಗೆ ಹೊತ್ತಾಗ, ಮೇಸ್ತ್ರಿಗಳ ಬೈಗುಳದಿಂದ.

ಫೋನಿನಲ್ಲಿ ಹುಡುಗ ಆ ಹುಡುಗಿಯ ತಟ್ಟೆಯ ಜಾಮೂನನ್ನೂ ತಾನೇ ತಿಂದ. ನಗು. ಹುಡುಗಿ ಏನೋ ಅಂದಳು. ನಗು. ಎದ್ದಳು, ದುಪಟ್ಟಾ ಕುರ್ಚಿಗೆ ಸಿಕ್ಕಿ ಮತ್ತೆ ಕೂತಳು. ಇನ್ನೂ ಜೋರು ನಗು.

"ಹಿಂದಕ್ಕ ಒಯ್ಯಿ," ಮೋನಮ್ಮ ಅಂದಳು.

ಹುಲಗಪ್ಪ ಹಿಗ್ಗಿದ. "ನಾ ಹೇಳಿಲ್ಲ? ಆಕಿಗಿ ಇದಂದ್ರ ಜೀಂವ!"

ಈ ಸಲ ಅವಳು ಕಿವಿಯನ್ನು ಫೋನಿನ ಹತ್ತಿರ ಒಯ್ದಳು.

"ಮನಿಗಿ ಹೋಗ್ತೀನಿ ಅನ್ನಾಕತ್ಯಾಳ."

"ಯಾರು?"

"ಆ ಹುಡುಗಿ. ಕೂತಾಗಿಂದ ಅದನ್ನ ಅನ್ನಾಕತ್ಯಾಳ. ನನ್ನ ಬಿಡ್ರಿ, ಮನಿಗಿ ಹೋಗ್ತೀನಿ ಅಂತ."

"ಅನ್ಲಿ ಬಿಡು. ತಮಾಷಿ ಅದ."

"ನಾವು ನಗತಿದ್ವಿ."

"ಎಲ್ಲಾರೂ ನಗತಿದ್ರು, ಹುಚ್ಚಿ!"

ದೇವಕಮ್ಮ ಚಹಾ ತಂದಿಟ್ಟಳು. "ಹೊತ್ತು ಇಳ್ಯಾಕತ್ತದ ಅಕ್ಕಾ. ಅಣ್ಣ ಬೋನಾಳ ಮುಟ್ಟಬೇಕು."

ಹುಲಗಪ್ಪ ಚೀಲದಿಂದ ಹಸಿರು ಸೀರೆ ತೆಗೆದ. ಉಡಕಿ ಮದುವೆಗೆ ಹಂದರವಿಲ್ಲ, ಬಾಜಾ ಇಲ್ಲ. ವಿಧವೆ ಕೈಯಾರೆ ಸೀರೆ ತೆಗೆದುಕೊಂಡರೆ ಮಾತು ಆದಂತೆ. ಉಟ್ಟು ಅವನ ಮನೆಗೆ ನಡೆದರೆ ಲಗ್ನ ಆದಂತೆ. ಹುಲಗಪ್ಪ ಕೆಟ್ಟವನಲ್ಲ. ಹೆಂಡತಿಯನ್ನು ಕಳೆದುಕೊಂಡವನು. ಮನೆ ದಿಬ್ಬದ ಮೇಲಿದೆ, ಅಲ್ಲಿ ಗೋಡೆಗಳು ಒಣಗಿರುತ್ತವೆ. ಬರಲಿ ಎಂದು ಹೋದ ವಾರ ಹೇಳಿ ಕಳಿಸಿದ್ದವಳು ಮೋನಮ್ಮನೇ.

"ನಿನಗ ಹಸರು ಸೇರ್ತದ," ಅವನು ಅಂದ.

"ಸೇರ್ತದ, ಸೇರ್ತದ," ದೇವಕಮ್ಮ ಅಂದಳು. "ಆಕಿ ಏನು ಬ್ಯಾಡ ಅಂತಾಳ?"

ಫೋನನ್ನು ಯಾರೂ ಆರಿಸಿರಲಿಲ್ಲ. ಅದು ಮತ್ತೆ ನಕ್ಕಿತು. ಹುಲಗಪ್ಪ ಸೀರೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ಮೋನಮ್ಮ ಹಿಂದೆ ಸರಿದಳು. ಹಸಿ ಗೋಡೆ ಬೆನ್ನಿಗೆ ತಣ್ಣಗೆ ಹತ್ತಿತು.

"ಒಲ್ಲೆ," ಅಂದಳು.