ಊದದೆ ಉಳಿದ ಧೂಳು

ನಾನು ಒಂದು ಕೀಬೋರ್ಡು. ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಯಾರಾದರೂ ಎದುರು ಕೂತು, ಬೆರಳನ್ನು ಗಾಳಿಯಲ್ಲೇ ಹಿಡಿದು ಯೋಚಿಸತೊಡಗಿದರೆ ನನಗೆ ಮೈಯೆಲ್ಲ ತುರಿಸುತ್ತದೆ. ಒತ್ತುವುದಿದ್ದರೆ ಒತ್ತಿ, ಇಲ್ಲವೇ ಎದ್ದು ಹೋಗಿ.

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ರಟ್ಟಿನ ಡಬ್ಬಿಯ ಕತ್ತಲು ಮುಗಿದು ಕಣ್ಣು ಬಿಟ್ಟಾಗ ಗದಗಿನ ಬಸ್ ನಿಲ್ದಾಣದ ಎದುರು, ಅಶ್ಫಾಕ್ ಸಾಹೇಬರ ಸೈಬರ್ ಸೆಂಟರಿನಲ್ಲಿದ್ದೆ. ಅವರು ನನ್ನ ಮೈಮೇಲೆ ಕನ್ನಡ ಅಕ್ಷರದ ಚೀಟಿಗಳನ್ನು ಒಂದೊಂದಾಗಿ ಅಂಟಿಸಿದರು. ಅಂದಿನಿಂದ ನಾನು ಕನ್ನಡದವನು.

ಆಗ ಹುಡುಗರಿಗೆ ಚಾಟಿಂಗಿನ ಹುಚ್ಚು. ಚಾಟ್ ರೂಮಿಗೆ ಹೋದವರು ಮೊದಲು ತಮ್ಮ ಪರಿಚಯ ಹೇಳಿಕೊಳ್ಳಬೇಕು. ಬರೆದವನು ನಾನೇ ಆದ್ದರಿಂದ ಹೇಳುತ್ತೇನೆ, ಅವುಗಳಲ್ಲಿ ನಿಜ ಎಂಬುದು ಮದ್ದಿಗೂ ಸಿಗುತ್ತಿರಲಿಲ್ಲ. ಪಿಯುಸಿ ಫೇಲಾದ ಬೆಟಗೇರಿಯ ಹುಡುಗ ಮುಂಬೈಯ ಪೈಲಟ್ ಆಗುತ್ತಿದ್ದ. ದಪ್ಪ ಮೀಸೆಯ ಗೃಹಸ್ಥರೊಬ್ಬರು ‘ಪ್ರೀತಿ, ವಯಸ್ಸು ಹತ್ತೊಂಬತ್ತು’ ಎಂದು ಒತ್ತುವಾಗ ನನಗೇ ನಾಚಿಕೆಯಾಗುತ್ತಿತ್ತು. ಆದರೂ ಬೆರಳು ಓಡುತ್ತಿದ್ದವಲ್ಲ, ನನಗೆ ಅಷ್ಟು ಸಾಕಿತ್ತು.

ಆ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದವಳು ಇಂದುಮತಿ. ಮದುವೆಯ ಬಯೋಡೇಟಾ ಬೇಕೆಂದರೆ ಊರಿನವರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಮೇಲೆ ಮನೆದೇವರ ಹೆಸರು, ಕೆಳಗೆ ಎತ್ತರ, ಬಣ್ಣ, ತಂದೆಯ ಕೆಲಸ, ಸೋದರಮಾವಂದಿರ ಊರು. “ಹ್ಞೂಂ, ಮುಂದ ಹೇಳ್ರಿ” ಎನ್ನುವ ಅವಳ ದನಿ ಬಸ್ಸಿನ ಹಾರ್ನಿನ ನಡುವೆಯೂ ರಸ್ತೆಯಾಚೆಗೆ ಕೇಳುತ್ತಿತ್ತು. ಕಪ್ಪು ಹುಡುಗಿಯನ್ನು ಗೋಧಿ ಬಣ್ಣ ಮಾಡುವಾಗ ಮಾತ್ರ ತುಸು ತಗ್ಗುತ್ತಿತ್ತು. ದಿನಾ ಬೆಳಿಗ್ಗೆ ನನ್ನನ್ನು ಎತ್ತಿ ಹಿಡಿದು, ಕೆನ್ನೆ ಉಬ್ಬಿಸಿ, ಕೀಗಳ ಸಂದಿಗೆ ಫೂ ಎಂದು ಊದುತ್ತಿದ್ದಳು. ಅದೇ ನನ್ನ ಸ್ನಾನ.

ಎಲ್ಲರ ಕೈಗೂ ಮೊಬೈಲ್ ಬಂತು, ಸೈಬರ್ ಸೆಂಟರ್ ಮುಚ್ಚಿತು. “ಇದನ್ನ ನೀನ ಒಯ್ಯವಾ ತಂಗಿ, ನಿನ್ನ ಬೆರಳಿಗಷ್ಟ ಬಗ್ಗತೈತಿ” ಎಂದು ಅಶ್ಫಾಕ್ ಸಾಹೇಬರು ನನ್ನನ್ನು ಅವಳಿಗೇ ಕೊಟ್ಟರು. ಅವಳು ಮನೆಯ ಪಡಸಾಲೆಯಲ್ಲೇ ಟೈಪಿಂಗ್ ಶುರುಮಾಡಿದಳು.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅವಳ ದನಿ ಗೊಗ್ಗರಾಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದವಳು ಬಹಳ ದಿನ ಬರಲಿಲ್ಲ. ನಾನು ಕೆಳಗಿನಿಂದ ನೋಡುವವನು. ಜನರ ಮುಖಕ್ಕಿಂತ ಗಲ್ಲ, ಕುತ್ತಿಗೆಯೇ ನನಗೆ ಹೆಚ್ಚು ಗೊತ್ತು. ಮರಳಿ ಬಂದು ಕೂತಾಗ ಅವಳ ಕುತ್ತಿಗೆಯ ಬುಡದಲ್ಲಿ ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಗಂಟಲ ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೂ ತೆಗೆದಿದ್ದರು. ಇನ್ನು ಉಸಿರಾಟವೆಲ್ಲ ಆ ತೂತಿನಿಂದಲೇ. ಅವಳು ಹಳೆಯ ರೂಢಿಯಂತೆ ನನ್ನನ್ನು ಎತ್ತಿ ಕೆನ್ನೆ ಉಬ್ಬಿಸಿದಳು. ಬಾಯಿಯಿಂದ ಗಾಳಿ ಹೊರಡಲಿಲ್ಲ. ನನ್ನನ್ನು ಮೆಲ್ಲಗೆ ಕೆಳಗಿಟ್ಟಳು.

ಬಾಯಿ ಹೋದವಳಿಗೆ ಕಿವಿಯೂ ಹೋಗಿದೆ ಎಂದುಕೊಂಡು ಗಿರಾಕಿಗಳು ಅವಳೆದುರು ಕಿರುಚತೊಡಗಿದರು. ಗಂಡ ಫಕೀರೇಶ ಕೆಟ್ಟವನಲ್ಲ, ಆದರೆ ಅವಳನ್ನು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಟ್ಟುಬಿಡುತ್ತಿದ್ದ. “ಆಕಿ ಚಾ ಒಲ್ಲಂತಾಳ್ರಿ” ಎನ್ನುತ್ತಿದ್ದ. ಅವಳಿಗೆ ಚಹಾ ಬೇಕಿರುತ್ತಿತ್ತು. ಮಾತಿಗೆ ಯಾರೂ ಸಿಗದಿದ್ದರೆ ಈಕೆ ಒಳಗೊಳಗೇ ಸೊರಗಿಹೋಗುತ್ತಾಳೆ ಎಂದು ನನಗೆ ಭಯವಾಯಿತು.

ಆಸ್ಪತ್ರೆಯ ನರ್ಸ್ ಒಬ್ಬಳು ಆನ್‌ಲೈನಿನಲ್ಲಿ ಹರಟುವ ಬಳಗವೊಂದನ್ನು ತೋರಿಸಿಕೊಟ್ಟಿದ್ದಳು. ಹೆಸರು ‘ಹೊಸ ಉಸಿರು’. ಅಲ್ಲಿದ್ದವರೆಲ್ಲ ಹೀಗೆಯೇ ದನಿ ಕಳೆದುಕೊಂಡವರು. ಅದನ್ನು ನೋಡಿಕೊಳ್ಳುತ್ತಿದ್ದವರು ಪುಟ್ಟಮಾದಯ್ಯ, ಚಾಮರಾಜನಗರದ ಕಡೆಯ ನಿವೃತ್ತ ಬಸ್ ಕಂಡಕ್ಟರ್. ಹೊಸಬರು ಮೊದಲು ತಮ್ಮ ಪರಿಚಯ ಬರೆಯಬೇಕು, ಅಲ್ಲಿಯವರೆಗೆ ಉಳಿದವರ ಮಾತನ್ನು ಓದಬಹುದೇ ಹೊರತು ನಡುವೆ ಸೇರುವಂತಿಲ್ಲ ಎಂಬುದು ಅಲ್ಲಿಯ ನಿಯಮ.

ಊರಿಗೆಲ್ಲ ಪರಿಚಯ ಬರೆದುಕೊಟ್ಟವಳಿಗೆ ಇದೇನು ಮಹಾ! ಸರಸರನೆ ಬರೆದು ಕಳಿಸಿದಳು. ಮೇಲೆ ಮನೆದೇವರು ವೀರಭದ್ರ. ಆಮೇಲೆ ಎತ್ತರ, ಗೋಧಿ ಬಣ್ಣ, ತಂದೆಯ ಹೆಸರು, ಮುಳಗುಂದದ ಸೋದರಮಾವಂದಿರು. ಪುಟ್ಟಮಾದಯ್ಯನವರ ಉತ್ತರ ಬಂತು: “ನಾವಿಲ್ಲಿ ಗಂಡು ನೋಡ್ಕೊಡಕಿಲ್ಲ ಕನವ್ವ. ನಿಮ್ ಬಗ್ಗೆ ಏನಾರ ಬರೀರಿ.”

ಅಲ್ಲಿಂದ ಶುರುವಾಯಿತು ನನ್ನ ಗೋಳು. ‘ನಾನು ಒಬ್ಬ ಗೃಹಿಣಿ’ ಎಂದು ಬರೆಯುವಳು, ಅಳಿಸುವಳು. ‘ನಾನು ಮೊದಲು’ ಎಂದು ಶುರುಮಾಡಿ, ಅಲ್ಲೇ ನಿಂತು, ಅಳಿಸುವಳು. ಹೀಗೇ ದಿನಗಟ್ಟಲೆ. ಉಳಿದ ಕೀಗಳು ಧೂಳು ಹಿಡಿದು ಕೂತಿದ್ದರೆ, ಅಳಿಸುವ ಬ್ಯಾಕ್‌ಸ್ಪೇಸ್ ಒಂದೇ ಸವೆದು ನುಣ್ಣಗಾಗುತ್ತಿತ್ತು. ಏನಾದರೂ ಒಂದನ್ನು ಇರಲು ಬಿಡು ತಾಯಿ ಎಂದು ಕೂಗಬೇಕೆನಿಸುತ್ತಿತ್ತು. ಏನು ಮಾಡಲಿ, ನನಗೂ ದನಿಯಿಲ್ಲ.

ಒಂದು ಮಧ್ಯಾಹ್ನ ಫಕೀರೇಶ ಅವಳ ಎದುರೇ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದ. ತನ್ನ ತಮ್ಮನ ಮದುವೆಗೆ ಯಾರು ಯಾರು ಹೋಗಬೇಕೆಂಬ ಮಾತು. “ಆಕಿನ್ನ ಕರಕೊಂಡು ಬಂದು ಏನ್ ಮಾಡೂದೈತ್ರಿ. ಆಕಿಗೇನ್ ಗೊತ್ತಾಗ್ತೈತಿ” ಎಂದ. ಇಂದುಮತಿ ಎದ್ದು ಬಂದು ನನ್ನೆದುರು ಕೂತಳು. ಸೈಬರ್ ಸೆಂಟರಿನ ಕಾಲದ ಹಾಗೆ ಬೆರಳು ಓಡಿದವು.

“ನಾನು ಇಂದುಮತಿ. ನನಗ ಎಲ್ಲಾ ಗೊತ್ತಾಗ್ತೈತಿ. ನನ್ನ ದನಿ ರಸ್ತೆ ದಾಟಿ ಕೇಳತಿತ್ತು. ಈಗ ಕೀಬೋರ್ಡಿನ ಧೂಳು ಊದಾಕೂ ಬರೂದಿಲ್ಲ.”

ಬರೆದು ಮುಗಿಸಿದ್ದೇ ತಡ, ಬೆರಳು ಬ್ಯಾಕ್‌ಸ್ಪೇಸಿನ ಮೇಲೆ ಬಂತು. ಒತ್ತಿದಳು. ಅದು ಕೆಳಗಿಳಿಯಲಿಲ್ಲ. ಅವಳು ಊದಲಾಗದೆ ಬಿಟ್ಟ ಅಷ್ಟೂ ಧೂಳು, ಒತ್ತಿ ಒತ್ತಿ ಅದರ ಅಡಿಗಿಳಿದು ಗಟ್ಟಿಯಾಗಿತ್ತು. ಬೇರೆ ರೀತಿಯಲ್ಲಿ ಅಳಿಸುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೈ ಮೌಸಿನತ್ತ ಹೋಯಿತು, ಅಲ್ಲೇ ನಿಂತಿತು. ಬರೆದದ್ದನ್ನು ಇನ್ನೊಮ್ಮೆ ಓದಿದಳು. ಆಮೇಲೆ ನನ್ನ ಬೆನ್ನು ಮೇಜಿಗೆ ಬಡಿಯುವಷ್ಟು ಜೋರಾಗಿ ಎಂಟರ್ ಒತ್ತಿದಳು.

ಪುಟ್ಟಮಾದಯ್ಯ ಬರೆದರು: “ನಂಗೂ ಅಷ್ಟೇಯ ಕನವ್ವ. ಸರ್ವೀಸೆಲ್ಲಾ ಸೀಟಿ ಊದ್ದೋನು, ಈಗ ಬಿಸಿ ಟೀ ಆರ್ಸಕೂ ಊದಕ್ಕಾಗದಿಲ್ಲ. ಬನ್ನಿ, ಕೂತ್ಕಳಿ.” ಅವರ ಬೆನ್ನಿಗೇ ಇನ್ನೊಬ್ಬರು, “ಧೂಳಿಗೆ ಸೈಕಲ್ ಪಂಪ್ ಹೊಡೀರಿ ಅಕ್ಕಾರ” ಎಂದರು.

ಇಂದುಮತಿ ಫಕೀರೇಶನಿಗೆ ಸನ್ನೆ ಮಾಡಿ ಪಂಪು ತರಿಸಿದಳು, ತೆರೆಯ ಮೇಲಿದ್ದದ್ದನ್ನು ಬೆರಳಿಟ್ಟು ತೋರಿಸಿದಳು. ಅವನು ಓದಿದ, ಅವಳ ಪರಿಚಯವನ್ನೂ ಸೇರಿಸಿ. ಬಗ್ಗಿ ಪಂಪು ಹೊಡೆಯತೊಡಗಿದ. ಧೂಳೆಲ್ಲ ಎದ್ದು ಅವನ ಮುಖಕ್ಕೇ ಹಾರಿತು. ಅವಳ ಭುಜ ಕುಲುಕಿತು, ಕುತ್ತಿಗೆಯ ಬಟ್ಟೆ ಪಟಪಟನೆ ಹಾರಿತು. ಅದು ನಗು ಎಂದು ಕೆಳಗಿನಿಂದ ನೋಡುತ್ತಿದ್ದ ನನಗೆ ತಕ್ಷಣ ತಿಳಿಯಿತು.

ನನ್ನ ಬ್ಯಾಕ್‌ಸ್ಪೇಸ್ ಮಾತ್ರ ಸರಿಹೋಗಲೇ ಇಲ್ಲ. ನನ್ನ ಜಾಗಕ್ಕೆ ಹೊಸಬನೊಬ್ಬ ಬಂದ. ಈಗ ನಾನು ಗೋಡೆಯ ಹಲಗೆಯ ಮೇಲೆ, ಪಂಪಿನ ಪಕ್ಕದಲ್ಲಿದ್ದೇನೆ. ಕೆಳಗೆ ಅವನ ಟಕಟಕ ಸದ್ದು ಕೇಳಿದರೆ ಇಂದಿಗೂ ಮೈ ತುರಿಸುತ್ತದೆ. ಆದರೆ ಮೇಲಿನಿಂದ ನೋಡುವ ಭಾಗ್ಯ ಈ ವಯಸ್ಸಿನಲ್ಲಿ ಸಿಕ್ಕಿದೆ, ತೆರೆ ಪೂರ್ತಿ ಕಾಣುತ್ತದೆ. ಚಹಾ ಬೇಕೇ ಎಂದು ಯಾರಾದರೂ ಕೇಳಿದರೆ ಫಕೀರೇಶ ಈಗ ಅವಳ ಮುಖ ನೋಡಿ ಕಾಯುತ್ತಾನೆ.

ಬಳಗಕ್ಕೆ ಹೊಸಬರು ಬಂದಾಗ ಅವರ ಹೆಸರಿನ ಕೆಳಗೆ ‘ಬರೆಯುತ್ತಿದ್ದಾರೆ’ ಎಂದು ಮೂಡುತ್ತದೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ. ಇಂದುಮತಿ ಅವಸರ ಮಾಡುವುದಿಲ್ಲ. ನನಗೆ ಚಡಪಡಿಕೆ ತಡೆಯಲಾಗದು ಎನ್ನುವ ಹೊತ್ತಿಗೆ ಒಂದು ಸಾಲು ಕಳಿಸುತ್ತಾಳೆ.

“ಅಳಿಸಬ್ಯಾಡ್ರಿ. ನಾವು ಇಲ್ಲೇ ಕುಂತೀವಿ.”